ಸುರಂಗದಲ್ಲಿ ನಮ್ಮ ಪಾಲು

ಅಣ್ಣ ತನ್ನನ್ನು ‘ಮೇಡಂ’ ಎಂದು ಕರೆಯಬೇಕಾಗಿ ಬರುವ ದಿನಗಳಲ್ಲಿ ಅವಳಿಗೆ ಬೆಳಗಿನ ತಿಂಡಿ ಸೇರುತ್ತಿರಲಿಲ್ಲ. ಸುರಂಗಕ್ಕೆ ಸಾಲ ಕೊಟ್ಟ ಬ್ಯಾಂಕುಗಳೆಲ್ಲ ಅವಳ ಬ್ಯಾಂಕಿನ ಮೇಲ್ಮಹಡಿಯ ಉದ್ದನೆಯ ಕೋಣೆಯಲ್ಲಿ ಸೇರುವ ದಿನಗಳು ಅವು. ಅವಳು ಮೇಜಿನ ತಲೆಯಲ್ಲಿ ಕೂರುತ್ತಿದ್ದಳು. ಅಣ್ಣ ಬಾಗಿಲ ಕಡೆಯ ತುದಿಯಲ್ಲಿ, ಏಸಿಯ ಗಾಳಿ ನೇರವಾಗಿ ಕುತ್ತಿಗೆಗೆ ಬಡಿಯುವ ಕುರ್ಚಿಯಲ್ಲಿ. ಮನೆಯಲ್ಲಿ ‘ಏ ಪುಟ್ಟಿ’ ಎಂದು ಕೂಗುವ ಅದೇ ಬಾಯಿ ಅಲ್ಲಿ ‘ಮೇಡಂ, ತಾವು ಹೇಳಿದ ಹಾಗೆ’ ಎನ್ನುತ್ತಿತ್ತು. ಮೊದಮೊದಲು ಇಬ್ಬರಿಗೂ ಅದು ಆಟವಾಗಿತ್ತು. ‘ಮೇಡಂ’ ಎನ್ನುವಾಗ ಅವನ ಕಣ್ಣಿನ ಮೂಲೆಯಲ್ಲಿ ಅವಳಿಗೆ ಮಾತ್ರ ಕಾಣುವಂಥ ಒಂದು ನಗು ಇಣುಕುತ್ತಿತ್ತು. ಸುರಂಗದೊಳಗೆ ನೀರು ನುಗ್ಗಿದ ಮೇಲೆ ನಗು ಹೋಗಿ ಬರೀ ಮೇಡಂ ಉಳಿದಿತ್ತು. “ಭಾವ ಬರ್ತಾರಾ ಇವತ್ತು?” ಎಂದು ಈ ದಿನ ಬೆಳಿಗ್ಗೆ ಗಂಡ ಕೇಳಿದಾಗಲೂ ಅವಳು ತಟ್ಟೆಯನ್ನು ಹಾಗೇ ಬಿಟ್ಟು ಎದ್ದಿದ್ದಳು. “ಬಂದ್ರೆ ಊಟಕ್ಕೆ ಕರ್ಕೊಂಡು ಬಾರೇ. ಎಷ್ಟು ದಿನ ಆಯ್ತು.” ಹೂಂ ಎಂದಳು. ಕಾರಿನಲ್ಲಿ ಕೂತ ಮೇಲೆ, ಮನೆಯ ಊಟದ ಮೇಜಿನಲ್ಲಿ ಅಣ್ಣನ ಎದುರು ಕೂತ ತನ್ನನ್ನು ಕಲ್ಪಿಸಿಕೊಂಡು, ಕರೆಯುವುದು ಬೇಡ, ಅವನಿಗೆ ಬಸ್ಸಿನ ಹೊತ್ತಾಯಿತೆಂದು ಸುಳ್ಳು ಹೇಳಿದರಾಯಿತು ಎಂದುಕೊಂಡಳು.

ಬೆಟ್ಟ ಕೊರೆದು ದಾರಿ ಮಾಡುವಂಥ ಕೆಲಸಕ್ಕೆ ಒಂದೇ ಬ್ಯಾಂಕು ದುಡ್ಡು ಕೊಡುವುದಿಲ್ಲ. ಕೊಡಲು ಆಗುವುದೂ ಇಲ್ಲ. ಒಂದು ದೊಡ್ಡ ಬ್ಯಾಂಕು ‘ಲೀಡ್ ಬ್ಯಾಂಕ್’ ಆಗಿ ಮುಂದೆ ನಿಂತು, ಕೆಲಸವನ್ನೂ ಕಂಪನಿಯನ್ನೂ ಅಳೆದು ನೋಡಿ, ಉಳಿದವರನ್ನು ಕರೆದು ಸಾಲವನ್ನು ಪಾಲು ಹಾಕುತ್ತದೆ. ಹಾಗೆ ಕರೆಯುವುದು ಅವಳ ಕೆಲಸವಾಗಿತ್ತು. ಕರೆಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ ಎಂದು ಆಫೀಸಿನಲ್ಲಿ ಹೆಸರಿತ್ತು. ದನಿ ಏರಿಸದೆ, ಒತ್ತಾಯ ಮಾಡದೆ, ಮದುವೆಗೆ ಕರೆದ ಹಾಗೆ ಕರೆಯುತ್ತಾಳೆ, ಬರದೆ ಇರೋಕಾಗಲ್ಲ ಎಂದು ಅವಳ ಮೇಲಧಿಕಾರಿ ತಮಾಷೆ ಮಾಡುತ್ತಿದ್ದರು. ದೊಡ್ಡವರು, ನಡುವಿನವರು ಎಲ್ಲ ಒಪ್ಪಿದ ಮೇಲೂ ಒಂದು ಸಣ್ಣ ಪಾಲು ಉಳಿದುಹೋಗಿತ್ತು. ಅದು ತುಂಬದೆ ಸಹಿ ಇಲ್ಲ. ಆಗ ಅವಳಿಗೆ ಅಣ್ಣನ ನೆನಪಾಯಿತು. ಅವನು ತನ್ನ ಊರಿನ ಸಣ್ಣ ಬ್ಯಾಂಕೊಂದರಲ್ಲಿ ಸಾಲದ ವಿಭಾಗಕ್ಕೆ ಮುಖ್ಯಸ್ಥ. ಅಂಗಡಿಯವರು, ಮೇಷ್ಟ್ರುಗಳು, ನಿವೃತ್ತ ನರ್ಸುಗಳು ದುಡ್ಡಿಡುವ ಬ್ಯಾಂಕು. ಹೊಲಿಗೆ ಯಂತ್ರಕ್ಕೆ, ಆಟೋರಿಕ್ಷಾಕ್ಕೆ, ಮನೆಯ ಮೇಲೊಂದು ಕೋಣೆ ಏರಿಸುವುದಕ್ಕೆ ಸಾಲ ಕೊಡುವ ಬ್ಯಾಂಕು. ಫೋನು ಕೈಗೆತ್ತಿಕೊಂಡಾಗ ಅವಳಿಗೆ ಅಪರಾಧದ ಭಾವವೇನೂ ಇರಲಿಲ್ಲ. ಅಣ್ಣನಿಗೊಂದು ಉಪಕಾರ ಮಾಡುತ್ತಿದ್ದೇನೆ ಎಂಬ ಬೆಚ್ಚನೆಯ ಹೆಮ್ಮೆಯೇ ಇತ್ತು. ಚಿಕ್ಕಂದಿನಲ್ಲಿ ಅಪ್ಪ ಅವನನ್ನು ಅಂಗಡಿಗೆ ಕಳಿಸಿದಾಗಲೆಲ್ಲ ಅವನು ಕೊಳೆತದ್ದನ್ನೋ ಒಡೆದದ್ದನ್ನೋ ಚೀಲದಲ್ಲಿ ಹಾಕಿಸಿಕೊಂಡು ಬರುತ್ತಿದ್ದ. “ಇವನಿಗೆ ವ್ಯವಹಾರ ತಿಳಿಯಲ್ಲ, ಇವಳನ್ನೇ ಕಳಿಸಬೇಕಿತ್ತು” ಎಂದು ಅಪ್ಪ ಬಂದವರ ಮುಂದೆಯೇ ಹೇಳುತ್ತಿದ್ದರು. ಅವಳು ನಗುತ್ತಿದ್ದಳು. ಅಣ್ಣನೂ ನಗುತ್ತಿದ್ದ. ಅವನು ಯಾಕೆ ನಗುತ್ತಿದ್ದನೆಂದು ಅವಳು ಒಂದು ದಿನವೂ ಯೋಚಿಸಿರಲಿಲ್ಲ.

“ನಮ್ಮಂಥವರಿಗೆ ಅಷ್ಟು ದೊಡ್ಡ ಕೆಲಸ ಯಾಕೇ?” ಎಂದಿದ್ದ ಅವನು ಫೋನಿನಲ್ಲಿ.

“ಸಣ್ಣ ಪಾಲು ಅಣ್ಣ. ಎಲ್ಲಾ ನಾವೇ ನೋಡಿ ಆಗಿದೆ. ನೀವು ಮತ್ತೆ ತಲೆ ಕೆಡಿಸ್ಕೊಳ್ಳೋದು ಬೇಡ.”

“ನೀವು ಇರ್ತೀರಲ್ಲ ಅದರಲ್ಲಿ?”

“ಇರದೆ ಏನು? ಎಲ್ಲರಿಗಿಂತ ದೊಡ್ಡ ಪಾಲು ನಮ್ಮದೇ. ಮುಳುಗಿದರೆ ಮೊದಲು ನಾವು.”

ಹೇಳಿದ ದಿನ ಅದು ಸುಳ್ಳಾಗಿರಲಿಲ್ಲ. ಈ ಮಾತನ್ನು ಅವಳು ತನಗೆ ತಾನೇ ಎಷ್ಟು ಸಲ ಹೇಳಿಕೊಂಡಿದ್ದಳೆಂದರೆ, ಈಗ ಅದರಲ್ಲಿ ಅರ್ಥವೇ ಉಳಿದಿರಲಿಲ್ಲ. ಸಹಿಯ ದಿನ ಅಣ್ಣ ಹೊಸ ಕೋಟು ಹಾಕಿಕೊಂಡು ಬಂದಿದ್ದ. ತೋಳು ಒಂದಿಷ್ಟು ಉದ್ದವಾಗಿ ಬೆರಳಿನ ಗೆಣ್ಣು ಮುಚ್ಚುತ್ತಿತ್ತು. ಮೇಜಿನ ಮೇಲೆ ಅವನ ಬ್ಯಾಂಕಿನ ಹೆಸರಿನ ಫಲಕದಲ್ಲಿ ಒಂದು ಅಕ್ಷರ ತಪ್ಪಾಗಿತ್ತು. ಅವಳೇ ನೋಡಿ ಕಳಿಸಿದ ಫಲಕ. “ಪರವಾಗಿಲ್ಲ ಮೇಡಂ, ಸಾಲ ವಾಪಸ್ ಬರುವಾಗ ಸರಿಯಾದ ಹೆಸರಿಗೆ ಬಂದರೆ ಸಾಕು” ಎಂದು ಅವನು ಹೇಳಿದಾಗ ಎಲ್ಲರೂ ನಕ್ಕರು. ಫೋಟೋ ತೆಗೆಯುವವನು ‘ನೀವು ಸ್ವಲ್ಪ ಆ ಕಡೆ, ಇನ್ನೂ ಸ್ವಲ್ಪ’ ಎನ್ನುತ್ತ ಅವನನ್ನು ಸಾಲಿನಿಂದಲೇ ಹೊರಗೆ ತಳ್ಳಿದ್ದನ್ನು ಅವಳು ನೋಡಿದಳು. ನೋಡಿಯೂ ಕ್ಯಾಮೆರಾಕ್ಕೆ ನಕ್ಕಳು. ಅದಾಗಿ ಸ್ವಲ್ಪ ಕಾಲಕ್ಕೆ ಮೇಲಧಿಕಾರಿ ಅವಳನ್ನು ಒಳಗೆ ಕರೆದು, “ಸುರಂಗದ ಹೊರೆ ಇಳಿಸಿಬಿಡೋಣ” ಎಂದರು. ದೂರದ ಯಾವುದೋ ಹೂಡಿಕೆ ಸಂಸ್ಥೆ ಆ ಪಾಲಿನ ಲಾಭನಷ್ಟವನ್ನೆಲ್ಲ ಕೊಳ್ಳಲು ತಯಾರಿತ್ತು. ಕಾಗದದ ಮೇಲೆ ಹೆಸರು ಮಾತ್ರ ಬ್ಯಾಂಕಿನದೇ ಉಳಿಯುವುದು, ಒಕ್ಕೂಟದ ಉಳಿದವರಿಗೆ ತಿಳಿಸುವ ಅಗತ್ಯವಿಲ್ಲ. ನಿಯಮದ ಪ್ರಕಾರ ಎಲ್ಲ ಸರಿಯಾಗಿತ್ತು. ಅವಳೇ ಕೂತು ಆ ವ್ಯವಹಾರ ಮುಗಿಸಿದಳು. ಆವತ್ತು ಸಂಜೆ ಅಣ್ಣ ಫೋನು ಮಾಡಿ, ಅತ್ತಿಗೆಗೆ ಕಾಲುನೋವು ಕಡಿಮೆಯಾಗಿದೆ ಎಂದು ಹೇಳಿದ. ಹೇಳಿಬಿಡಲೇ ಎಂದು ಅವಳಿಗೆ ಅನ್ನಿಸಿದ್ದು ನಿಜ. ಯಾವ ಮುಲಾಮು ಹಚ್ಚಿದರು ಎಂದು ಕೇಳಿದಳು.

ಈ ದಿನ ಕೋಣೆಯ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ಒಳಗೆ ಬಿಟ್ಟುಕೊಳ್ಳುವಾಗ ಮೇಲಧಿಕಾರಿ ಬೆಳಿಗ್ಗೆ ಹೇಳಿದ್ದೇ ಕಿವಿಯಲ್ಲಿತ್ತು. “ನಮ್ಮ ಪಾಲು ಕೊಂಡವರು ಮುಚ್ಚಿ ಅಂತಿದಾರೆ. ಇನ್ನೂ ದುಡ್ಡು ಸುರಿಯೋಕೆ ಅವರಿಗೆ ಇಷ್ಟ ಇಲ್ಲ. ಹೇಳೋದು ನಾವು, ಮಾತು ಅವರದು. ನಮಗೇನೂ ಹೋಗಲ್ಲ ಬಿಡಿ.” ಅಣ್ಣ ಬಂದ. ಅದೇ ಕೋಟು. ಈಗ ತೋಳು ಸರಿಯಾಗಿತ್ತು, ಯಾರೋ ಮಡಿಸಿ ಹೊಲಿದಿದ್ದರು. “ನಮಸ್ಕಾರ ಮೇಡಂ” ಎಂದು ಹೇಳಿ, ಅವಳ ಮುಖ ನೋಡದೆ, ತನ್ನ ಕುರ್ಚಿಗೆ ಹೋಗಿ ಕೂತ.

ಸುರಂಗದ ಎಂಜಿನಿಯರ್ ಕಾಲರಿನಲ್ಲಿ ಕೆಸರಿನ ಕಲೆ ಹೊತ್ತು ಬಂದಿದ್ದ. ಬೆಟ್ಟದ ಹೊಟ್ಟೆಯಲ್ಲಿ ಯಾರೂ ಎಣಿಸದಿದ್ದ ಒಂದು ಸೀಳು ಸಿಕ್ಕಿ, ಅದರಿಂದ ನೀರು ನುಗ್ಗುತ್ತಿರುವುದು ಎಲ್ಲರಿಗೂ ಗೊತ್ತಿದ್ದ ವಿಷಯ. ಹಗಲೂ ರಾತ್ರಿ ಪಂಪು ಓಡಿಸಿ ನೀರೆತ್ತುತ್ತಿದ್ದಾರೆ. ಮಳೆಗಾಲ ದಾಟುವವರೆಗೆ ಹಾಗೆ ಎತ್ತುತ್ತಿದ್ದರೆ, ನೀರಿನ ಒತ್ತಡ ಇಳಿದ ಮೇಲೆ ಸೀಳಿಗೆ ಸಿಮೆಂಟು ತುಂಬಬಹುದು. ಅಷ್ಟಕ್ಕೆ ಬೇಕಾದ ಹೊಸ ಸಾಲವನ್ನು ಬ್ಯಾಂಕುಗಳು ಕೊಡಬೇಕು. ಕೊಡದಿದ್ದರೆ ಪಂಪು ನಿಲ್ಲುತ್ತದೆ, ಸುರಂಗ ತುಂಬುತ್ತದೆ, ಕೊರೆಯುವ ಯಂತ್ರವೂ ಒಳಗೇ ಉಳಿಯುತ್ತದೆ. “ಆಮೇಲೆ ಯಾರು ಬಂದರೂ ಆಗಲ್ಲ” ಎಂದು ಅವನು ಹೇಳಿ, ಸುರಂಗಕ್ಕೆ ವಾಪಸ್ ಹೊರಟ. ಪಾಲಿನ ಲೆಕ್ಕದಲ್ಲಿ ಮೂರರಲ್ಲಿ ಎರಡು ಭಾಗದವರು ಹೂಂ ಎನ್ನಬೇಕು. ಎಲ್ಲರೂ ಮಾತಾಡಿದರು. ಮಾತಾಡುತ್ತ ಪ್ರತಿಯೊಬ್ಬರೂ ಒಂದು ಕಣ್ಣು ಅವಳ ಮೇಲಿಟ್ಟಿದ್ದರು. ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವವರು ಏನು ಹೇಳುತ್ತಾರೋ ಎಂದು. ಆ ನೋಟಗಳಲ್ಲಿ ಗೌರವವಿತ್ತು. ಬೇರೆಯವರ ಬಟ್ಟೆ ಹಾಕಿಕೊಂಡು ಮೆಚ್ಚಿಗೆ ಪಡೆಯುವಾಗಿನ ಮುಜುಗರದಲ್ಲಿ ಅವಳು ಲೋಟದ ನೀರು ಕುಡಿದಳು. “ಲೀಡ್ ಬ್ಯಾಂಕಿನವರ ಅಭಿಪ್ರಾಯ ಏನು ಮೇಡಂ?” ಎಂದು ಕೇಳಿದ್ದು ಅಣ್ಣನೇ. ಕೊನೆಯಲ್ಲಿ ಹೇಳುತ್ತೇವೆ ಎಂದು, ಟೀಗೆ ಎಲ್ಲರನ್ನೂ ಎಬ್ಬಿಸಿದಳು.

ಟೀ ಮೇಜಿನ ಹತ್ತಿರ ಅವನಿರಲಿಲ್ಲ. ಲಿಫ್ಟಿನ ಆಚೆ, ಯಾರೂ ಬಳಸದ ಮೆಟ್ಟಿಲ ಬಳಿಯ ಕಿಟಕಿಯಲ್ಲಿ ನಿಂತಿದ್ದ. ಅವಳು ಎರಡು ಲೋಟ ಹಿಡಿದು ಹೋದಳು.

“ಇಲ್ಲಿ ಮೇಡಂ ಅನ್ನಬೇಕಾ, ಪುಟ್ಟಿ ಅನ್ನಬೇಕಾ?”

“ಯಾರೂ ಇಲ್ವಲ್ಲ ಅಣ್ಣ.”

ಅವನು ಟೀ ತೆಗೆದುಕೊಂಡ. ಕುಡಿಯಲಿಲ್ಲ. “ಒಂದು ಕೇಳ್ತೀನಿ. ನಿಮ್ಮ ದುಡ್ಡು ಇಲ್ಲ, ಅಲ್ವಾ ಇದರಲ್ಲಿ?”

“ಅಂದ್ರೆ?”

“ಕೈ ಬದಲಾಯಿಸಿಬಿಟ್ಟಿದ್ದೀರಿ. ಹೆಸರಷ್ಟೇ ಇಟ್ಕೊಂಡಿದ್ದೀರಿ.”

“ಯಾರು ಹೇಳಿದ್ರು?” ಎಂದು ಕೇಳಿದ ಮೇಲೆ, ಹಾಗೆ ಕೇಳಿದ್ದೇ ಒಪ್ಪಿಕೊಂಡಂತಾಯಿತೆಂದು ಅವಳಿಗೆ ಹೊಳೆಯಿತು.

“ಯಾರೂ ಹೇಳ್ಲಿಲ್ಲ. ನೀರು ನುಗ್ಗಿದ ಮೇಲೆ ಮೊದಲನೇ ಮೀಟಿಂಗ್ ಆಯ್ತಲ್ಲ, ಅವತ್ತೇ ಗೊತ್ತಾಯ್ತು. ಸುತ್ತ ಕೂತವರಿಗೆಲ್ಲ ಭಯ ಆಗಿತ್ತು ಕಣೇ. ನಿನಗೆ ಮಾತ್ರ ಪಾಪ ಅನ್ನಿಸ್ತಿತ್ತು. ನನ್ನ ಕಡೆ ನೋಡಿದೆ ನೋಡು, ಸಾವಿನ ಮನೆಗೆ ಬಂದ ಪಕ್ಕದ ಮನೆಯವರು ನೋಡ್ತಾರಲ್ಲ, ಹಾಗೆ. ದುಡ್ಡು ಹೋದೋರ ಮುಖ ಹಾಗಿರಲ್ಲ.”

ಅವಳಿಗೆ ಆ ದಿನ ನೆನಪಾಯಿತು. ಅಣ್ಣ ಬಿಸ್ಕತ್ತನ್ನು ತಿನ್ನದೆ ಪುಡಿ ಮಾಡುತ್ತ ಕೂತಿದ್ದ. ಅವಳ ಎದೆ ಕರಗಿ, ಮೀಟಿಂಗ್ ಮುಗಿದ ಮೇಲೆ ತನ್ನ ಕಾರಿನಲ್ಲೇ ಬಸ್ ನಿಲ್ದಾಣಕ್ಕೆ ಕಳಿಸಿಕೊಟ್ಟಿದ್ದಳು. ಆ ಮರುಕವನ್ನು ತನ್ನ ಒಳ್ಳೆಯತನದ ಗುರುತೆಂದು ಇಷ್ಟು ದಿನ ಕಾಪಾಡಿಕೊಂಡು ಬಂದಿದ್ದಳು. “ನಿನಗೆ ಫೋನು ಮಾಡಿದಾಗ ನಿಜವಾಗ್ಲೂ ಇತ್ತಣ್ಣ. ಆಮೇಲೆ ಅವರು…”

“ಗೊತ್ತು. ಹಾಗೆ ಮಾಡೋಕೆ ಅವಕಾಶ ಇದೆ ಅಂತ ಕರಾರಲ್ಲೇ ಇತ್ತಲ್ಲ. ಓದಿದ್ದೆ.”

“ಓದಿದ್ಯಾ?”

ಬಾಯಿಂದ ಜಾರಿದ ಆ ಒಂದು ಮಾತಿನಲ್ಲಿ ಇದ್ದ ಅಚ್ಚರಿ ಇಬ್ಬರ ನಡುವೆ ಬಿದ್ದುಕೊಂಡಿತು. ಅಣ್ಣ ಅವಳನ್ನು ನೋಡಿದ. ಸಿಟ್ಟಿರಲಿಲ್ಲ. “ನನಗೂ ಓದೋಕೆ ಬರುತ್ತಲ್ಲೇ” ಎಂದ, ಮೆಲ್ಲಗೆ. ಅವಳಿಗೆ ಕಿವಿ ಬಿಸಿಯಾಯಿತು. ಏನೂ ತಿಳಿಯದ ಅಣ್ಣನಿಗೆ ಮೋಸವಾಯಿತೆಂದು ಇಷ್ಟು ಕಾಲ ನಿದ್ದೆಗೆಟ್ಟಿದ್ದಳಲ್ಲ, ಆ ಸಂಕಟದೊಳಗೇ ಅಪ್ಪನ ಹಳೆಯ ನಗು ಕೂತಿತ್ತು. ಅವನಿಗೆ ವ್ಯವಹಾರ ತಿಳಿಯುವುದಿಲ್ಲ ಎಂದು ನಂಬಿದ್ದರಿಂದಲೇ ಅವಳಿಗೆ ಅಷ್ಟೊಂದು ಪಶ್ಚಾತ್ತಾಪ ಪಡಲು ಸಾಧ್ಯವಾಗಿತ್ತು.

“ಮತ್ತೆ ಯಾಕೆ ಸಹಿ ಹಾಕಿದೆ?”

“ನೀನು ಕರೆದೆ.” ಲೋಟವನ್ನು ಇನ್ನೊಂದು ಕೈಗೆ ತೆಗೆದುಕೊಂಡ. “ಅದೊಂದೇ ಅಲ್ಲ. ದೊಡ್ಡವರು ಕೂರೋ ಕಡೆ ನಮಗೂ ಒಂದು ಕುರ್ಚಿ ಅನ್ನೋ ಆಸೆ ನನಗೂ ಇತ್ತು. ಎಲ್ಲಾ ನೀನೊಬ್ಬಳೇ ಹೊತ್ಕೋಬೇಡ. ಈಗ ಅದಲ್ಲ ವಿಷಯ. ಪಂಪಿಗೆ ದುಡ್ಡು ಕೊಡೋಣ ಅಂತ ಹೇಳು. ಇದು ಮುಳುಗಿದರೆ ನಮ್ಮ ಬ್ಯಾಂಕು ಏಳಲ್ಲ. ಉಳಿದವರಿಗೆ ಇದು ಹತ್ತರಲ್ಲಿ ಒಂದು, ನಮಗೆ ಹಾಗಲ್ಲ.”

“ನನ್ನ ಕೈಯಲ್ಲಿಲ್ಲ ಅಣ್ಣ.”

“ಬಾಯಲ್ಲಿದೆಯಲ್ಲ.”

ಅವಳು ಕಿಟಕಿಯ ಹೊರಗೆ ನೋಡಿದಳು. ಕೆಳಗೆ ಯಾರೋ ಸ್ಕೂಟರಿನ ಸೀಟನ್ನು ಕರವಸ್ತ್ರದಿಂದ ಒರೆಸುತ್ತಿದ್ದರು. “ನೀನು ಅಲ್ಲೇ ಎಲ್ಲರ ಮುಂದೆ ಕೇಳಬಹುದಿತ್ತು, ನಿಮ್ಮ ದುಡ್ಡು ಇದೆಯಾ ಅಂತ” ಎಂದಳು.

“ಕೇಳಿದ್ರೆ ನಿನ್ನ ಕೆಲಸ ಹೋಗುತ್ತೆ. ಒಂದೇ ಮನೇಲಿ ಎರಡು ಯಾಕೆ?” ಎಂದು ಹೇಳಿ, ತಣ್ಣಗಾದ ಟೀಯನ್ನು ಒಂದೇ ಗುಟುಕಿಗೆ ಕುಡಿದು, ಲೋಟವನ್ನು ಅವಳ ಕೈಗೆ ಕೊಟ್ಟು ಒಳಗೆ ಹೋದ.

ಒಬ್ಬೊಬ್ಬರೇ ಹೇಳುತ್ತ ಬಂದರು. ಒಪ್ಪಿಗೆ. ಒಪ್ಪಿಗೆ. ವಿರೋಧ. ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡಿದ್ದ ನಡುವಯಸ್ಸಿನ ಅಧಿಕಾರಿಣಿಯೊಬ್ಬರು, ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿಗೆ ಎಂದರು. “ನಮ್ಮದು ಒಪ್ಪಿಗೆ” ಎಂದ ಅಣ್ಣ, ಫಲಕವನ್ನು ನೇರ ಮಾಡುತ್ತ. ಅವಳ ಸರದಿ ಬಂದಾಗ ಕೋಣೆಯಲ್ಲಿ ಯಾರೂ ಪೆನ್ನು ಆಡಿಸಲಿಲ್ಲ. ಹೂಂ ಎಂದುಬಿಟ್ಟರೆ ಏನಾಗುತ್ತದೆ ಎಂದು ಅವಳು ನಿಜವಾಗಿ ಯೋಚಿಸಿದಳು. ಮೇಲಧಿಕಾರಿಯ ಕೋಣೆ, ಬಾಗಿಲು ಹಾಕಿದ ಸದ್ದು, ಮನೆಯ ಕಂತು, ಮಗಳ ಕಾಲೇಜು. ಇದಕ್ಕೆಲ್ಲ ದಾರಿ ಹುಡುಕಬಹುದಿತ್ತು. ದಾರಿ ಹುಡುಕಬಹುದೆಂದು ತಿಳಿದಿದ್ದೂ ಅವಳ ನಾಲಗೆ ಇಷ್ಟು ವರ್ಷ ನಡೆದು ನಡೆದು ಸವೆದ ಹಾದಿಯನ್ನೇ ಹಿಡಿಯಿತು. “ವಿರೋಧ” ಎಂದಳು. ದನಿ ಒಂದಿಷ್ಟೂ ನಡುಗಲಿಲ್ಲ. ಆ ಸ್ಪಷ್ಟತೆಯೇ ಅವಳಿಗೆ ಅಸಹ್ಯವಾಯಿತು. ಆಗ ಕನ್ನಡಕದ ಅಧಿಕಾರಿಣಿ ಕೈಯೆತ್ತಿ, “ಅಷ್ಟು ದೊಡ್ಡ ಪಾಲಿದ್ದೂ ಇವರೇ ಬೇಡ ಅಂದ್ರೆ ಏನೋ ತಿಳಿದೇ ಹೇಳ್ತಿದಾರೆ. ನಮ್ಮದನ್ನೂ ವಿರೋಧ ಅಂತಲೇ ಬರ್ಕೊಳ್ಳಿ” ಎಂದರು. ಅವರ ಹಿಂದೆ ಇನ್ನೊಬ್ಬರು. ಮೇಜಿನ ಆ ತುದಿಯಲ್ಲಿ ಅಣ್ಣ ತಲೆಯೆತ್ತಿದ. ಒಂದು ಮಾತು ಸಾಕಿತ್ತು. ಅವನ ತುಟಿ ಬಿಚ್ಚಿದ್ದನ್ನು ಅವಳು ಕಂಡಳು. ಹೇಳಲಿ, ಹೇಳಿಬಿಡಲಿ ಎಂದು ಒಳಗೊಳಗೇ ಬೇಡಿಕೊಂಡಳು. ಅವನು ಕೆಮ್ಮಿ, ನೀರಿನ ಬಾಟಲಿಯ ಮುಚ್ಚಳ ತಿರುಗಿಸಿದ.

ಹೊಸ ಸಾಲ ಇಲ್ಲ ಎಂಬ ತೀರ್ಮಾನವನ್ನು ಸುರಂಗದವರಿಗೆ ತಿಳಿಸುವುದು ಲೀಡ್ ಬ್ಯಾಂಕಿನ ಕೆಲಸ. ಫೋನಿನಲ್ಲಿ ಹೇಳಿದರೂ ನಡೆಯುತ್ತಿತ್ತು. ಹೋಗಿಯೇ ಹೇಳಬೇಕೆಂದು ಅವಳಿಗೇಕೆ ಅನ್ನಿಸಿತೋ, ಬಹುಶಃ ಆ ಸಂಜೆ ಮನೆಗೆ ಹೋಗುವುದನ್ನು ತಪ್ಪಿಸಿಕೊಳ್ಳಲು ಇರಬೇಕು. ಲಿಫ್ಟಿನ ಬಳಿ ಅಣ್ಣ ಸಿಕ್ಕಿ, ಎಲ್ಲಿಗೆ ಎಂದು ಕೇಳಿ ತಿಳಿದುಕೊಂಡು, “ನಾನೂ ಬರ್ತೀನಿ. ನಾನು ನೋಡೇ ಇಲ್ಲ” ಎಂದ. ಅವಳು ಗಾಬರಿಯಾಗಿ ಅವನ ಮುಖ ನೋಡಿದಳು. ದೊಡ್ಡ ಬ್ಯಾಂಕಿನವರನ್ನೆಲ್ಲ ಬಸ್ಸು ಮಾಡಿ ಕರೆದೊಯ್ದು ತೋರಿಸಿದ್ದಳು. ಅವನನ್ನು ಕರೆಯುವುದು ಯಾರಿಗೂ ತೋಚಿರಲಿಲ್ಲ, ಅವಳಿಗೂ. ದಾರಿಯುದ್ದಕ್ಕೂ ಲಾರಿಗಳ ಹಿಂದೆ ಕಾರು ಬೆಟ್ಟವನ್ನು ಸುತ್ತಿ ಸುತ್ತಿ ಏರಿತು. ಅವನು ಮಗಳ ಪರೀಕ್ಷೆಯ ವಿಷಯ ಕೇಳಿದ. ಹಲ್ಲುನೋವಿಗೆ ಯಾವ ಡಾಕ್ಟರು ಒಳ್ಳೆಯವರೆಂದು ಕೇಳಿದ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಮುಂದೆ, ಆ ವರ್ಷ ಮುಗಿಯುವುದರೊಳಗೆ ಅವನ ಬ್ಯಾಂಕನ್ನು ಬೇರೊಂದು ಬ್ಯಾಂಕು ನುಂಗಿತು. ಅದಕ್ಕೂ ಮೊದಲು, ಬಾಗಿಲ ಮುಂದೆ ಸೇರಿದ ಜನರೆದುರು ನಿಂತು, ಸಾಲ ಮಂಜೂರು ಮಾಡಿದವನು ನಾನೇ ಎಂದು ಅವನೊಬ್ಬನೇ ಹೇಳಿದನಂತೆ. ಅದನ್ನು ಅವಳಿಗೆ ಹೇಳಿದ್ದು ಅತ್ತಿಗೆ. ಅವನು ಹೇಳಲಿಲ್ಲ.

ಆ ಸಂಜೆ ಸುರಂಗದ ಬಳಿ ಎಂಜಿನಿಯರ್ ಅವರಿಬ್ಬರೂ ಕಾರಿಳಿಯುವುದನ್ನು ನೋಡಿಯೇ ತಿಳಿದುಕೊಂಡ. ಅವಳು ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ವಾಕ್ಯ ಬೇಕಾಗಲಿಲ್ಲ. “ಜನ ಹೊರಗೆ ಬರಲಿ ಮೇಡಂ. ಆಮೇಲೆ ನಿಲ್ಲಿಸ್ತೀವಿ” ಎಂದ. “ಅಷ್ಟರೊಳಗೆ ಒಂದ್ಸಲ ಒಳಗೆ ನೋಡಬಹುದಾ?” ಎಂದ ಅಣ್ಣ, ಬೇರೆಯವರ ಮನೆಯಲ್ಲಿ ನೀರು ಕೇಳುವವನ ಸಂಕೋಚದಲ್ಲಿ. ಮೊಣಕಾಲೆತ್ತರದ ರಬ್ಬರ್ ಬೂಟು, ಹಳದಿ ಟೋಪಿ ಕೊಟ್ಟರು. ಒಳಗೆ ತಣ್ಣಗಿತ್ತು. ಕಾಲಡಿಯಲ್ಲಿ ನೀರು ಹರಿಯುತ್ತಿತ್ತು. ದಪ್ಪ ಕೊಳವೆಗಳು ಗೋಡೆಗುಂಟ ನಡುಗುತ್ತಿದ್ದವು. ಪಂಪುಗಳ ಗದ್ದಲದಲ್ಲಿ ಕೆಲಸದವರು ಎದುರಿಗೆ ಬಂದು, ಯಾರನ್ನೂ ನೋಡದೆ, ಬುತ್ತಿಯ ಡಬ್ಬಿ ಹಿಡಿದು ದಾಟಿಹೋದರು. ಅಣ್ಣ ಒಂದು ಕಡೆ ನಿಂತು ಅಂಗೈಯನ್ನು ಗೋಡೆಗೆ ಇಟ್ಟ. ಬಾಗಿದ ಕಾಂಕ್ರೀಟನ್ನು ಮೇಲಿನವರೆಗೂ ನೋಡಿದ. “ಎಷ್ಟು ಚೆನ್ನಾಗಿ ಮಾಡಿದಾರೆ ಕಣೇ!” ಎಂದು ಅವಳ ಕಿವಿಯ ಹತ್ತಿರ ಕೂಗಿದ. ಅವನ ಮುಖದಲ್ಲಿ ನಿಜವಾದ ಸಂತೋಷವಿತ್ತು. ಆ ಹೊತ್ತಿಗೆ ಅವಳಿಗೆ ಅವನು ಮೇಷ್ಟ್ರುಗಳ, ನರ್ಸುಗಳ, ಅಂಗಡಿಯವರ ಪರವಾಗಿ ಬಂದು ನೋಡುತ್ತಿರುವ ಹಾಗೆ ಕಂಡ. ಅವಳೋ ಯಾರ ಪರವಾಗಿಯೂ ಬಂದಿರಲಿಲ್ಲ.

“ಆ ಕಡೆಯಿಂದಾನೂ ಕೊರೀತಿದ್ರಾ?” ಎಂದು ಅಣ್ಣ ಎಂಜಿನಿಯರನ್ನು ಕೇಳಿದ.

“ಹೌದು ಸರ್.”

“ಎರಡೂ ಸೇರೋಕೆ ಇನ್ನೆಷ್ಟು ಉಳಿದಿತ್ತು?”

ಎಂಜಿನಿಯರ್ ಅವಳ ಕಡೆ ಒಮ್ಮೆ ನೋಡಿದ. “ಈಗ ಯಾಕೆ ಬಿಡಿ ಸರ್” ಎಂದ.

ಹೊರಗೆ ಬಂದು ತಗಡಿನ ಶೆಡ್ಡಿನ ಮುಂದೆ ನಿಂತರು. ಒಳಗಿನವರನ್ನೆಲ್ಲ ಎಣಿಸಿಕೊಂಡ ಮೇಲೆ ಯಾರೋ ಕೈ ಮಾಡಿದರು. ಪಂಪುಗಳು ಒಂದೊಂದಾಗಿ ನಿಂತವು. ಕೊನೆಯದೂ ನಿಂತಾಗ, ತಾವೆಲ್ಲ ಇಷ್ಟು ಹೊತ್ತು ಕೂಗಿ ಮಾತಾಡುತ್ತಿದ್ದೆವೆಂದು ಅವಳಿಗೆ ಗೊತ್ತಾಯಿತು. ಎಂಜಿನಿಯರ್ ಟೋಪಿ ತೆಗೆದು, ಬೆನ್ನು ಹಾಕಿ, ದೂರ ಹೋಗಿ ನಿಂತ.

ಅಣ್ಣ ಶೆಡ್ಡಿನ ಬೆಂಚಿನ ಪಕ್ಕ ಒಂದು ಕಾಲಲ್ಲಿ ನಿಂತು ಬೂಟು ಕಳಚಲು ಹೆಣಗುತ್ತಿದ್ದ. ಅವಳು ಹತ್ತಿರ ಹೋದಳು.

“ನಾನು ಹೂಂ ಅನ್ನಬಹುದಿತ್ತು ಅಣ್ಣ.”

“ಅನ್ನಬಹುದಿತ್ತು” ಎಂದ ಅವನು. ಬೂಟನ್ನು ಇನ್ನೊಮ್ಮೆ ಜಗ್ಗಿ ನೋಡಿ, “ಇದು ಬರ್ತಾನೇ ಇಲ್ಲ. ಸ್ವಲ್ಪ ಎಳಿ” ಎಂದ.

ಅವಳು ಕೆಸರಿನಲ್ಲೇ ಮಂಡಿಯೂರಿ ಎರಡೂ ಕೈಯಿಂದ ಬೂಟಿನ ಹಿಮ್ಮಡಿ ಹಿಡಿದು ಎಳೆದಳು. ಒಳಗೆ ನೀರು ತುಂಬಿ ಅದು ಕಾಲಿಗೆ ಕಚ್ಚಿಕೊಂಡಿತ್ತು. ಜೋಲಿ ತಪ್ಪದಿರಲೆಂದು ಅವನು ಅವಳ ತಲೆಯ ಮೇಲೆ ಕೈಯೂರಿದ. ಪೂರ್ತಿ ಭಾರ ಬಿಟ್ಟು ಊರಿದ. ಅವಳು ಎಳೆಯುವುದನ್ನು ನಿಲ್ಲಿಸಿದಳು. ಬೂಟು ಇನ್ನೇನು ಕಳಚಿಬರುವುದರಲ್ಲಿತ್ತು. ಬಂದುಬಿಟ್ಟರೆ ಅವನು ಕೈ ತೆಗೆಯುತ್ತಾನೆಂದು ತಿಳಿದು, ತಲೆ ತಗ್ಗಿಸಿ ಹಾಗೇ ಹಿಡಿದುಕೊಂಡಿದ್ದಳು.

“ಏನಾಯ್ತೇ?” ಎಂದು ಮೇಲಿನಿಂದ ಕೇಳಿದ.

“ಬರ್ತಿಲ್ಲ” ಎಂದಳು ಅವಳು.